ಒಮೈರಾ ಕೊಟ್ಟ ದೂರು

ಒಮೈರಾ ಬಂತುವಾಸ್ ಎಂದು ಪೂರ್ತಿ ಹೆಸರು ಹೇಳಿದರೆ ನಮ್ಮ ವಿಶ್ವವಿದ್ಯಾಲಯದಲ್ಲಿ ಯಾರಿಗೂ ತಟ್ಟನೆ ಹೊಳೆಯುತ್ತಿರಲಿಲ್ಲ. ಓಮಿ ಎಂದರೆ ಗೇಟಿನ ಕಾವಲುಗಾರನಿಗೂ ಗೊತ್ತು. ರಸಾಯನಶಾಸ್ತ್ರ ವಿಭಾಗದ ಪ್ರಯೋಗಾಲಯದ ಉಸ್ತುವಾರಿ ಅವಳದು. ಆಸಿಡ್ಡು, ಸ್ಪಿರಿಟ್ಟು, ಗಾಜಿನ ಸಾಮಾನು ಇಡುವ ಉಗ್ರಾಣದ ಕೀಲಿ ಅವಳ ಬಳಿಯೇ ಇರುತ್ತಿತ್ತು. ನಾನು ಅದೇ ಮಹಡಿಯ ಇನ್ನೊಂದು ತುದಿಯಲ್ಲಿ ಭೌತಶಾಸ್ತ್ರ ಪಾಠ ಹೇಳುವವನು. ಕಾಫಿಗೆ ಬಿಸಿನೀರು ಬೇಕಾದಾಗ ಅವರ ವಿಭಾಗಕ್ಕೇ ಹೋಗುತ್ತಿದ್ದೆ, ನಮ್ಮಲ್ಲಿನ ಕೆಟಲ್ ಕೆಟ್ಟು ಯಾವುದೋ ಕಾಲವಾಗಿತ್ತು.

ಅವಳು ನಮ್ಮ ಸೆಬು ಊರಿನವಳಲ್ಲ. ಸಮುದ್ರದಾಚೆ ಮಿಂಡನಾವೊ ದ್ವೀಪದ ಮರಾವಿಯವಳು, ಮೆರನಾವ್ ಎಂಬ ಮುಸ್ಲಿಂ ಜನ. ಇಲ್ಲಿಯ ಸಂತೆಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸೋದರಮಾವನ ಮನೆಯಲ್ಲಿದ್ದುಕೊಂಡು ಓದಿದಳು, ಓದಿದ ಕಡೆಯೇ ಕೆಲಸ ಸಿಕ್ಕಿತು. ಮಾವ ಅಂಗಡಿ ಮುಚ್ಚಿ ಊರಿಗೆ ಹೋದ ಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬಳೇ ಉಳಿದಳು. ಇಡೀ ವಿಜ್ಞಾನ ಕಾಲೇಜಿನ ಸಿಬ್ಬಂದಿಯಲ್ಲಿ ತಲೆವಸ್ತ್ರ ಕಟ್ಟುವವಳು ಅವಳೊಬ್ಬಳೇ. ಮಧ್ಯಾಹ್ನದ ಪ್ರಾರ್ಥನೆಗೆ ಗಾಜಿನ ಬೀರುಗಳ ಹಿಂದೆ ಒಂದು ಚಾಪೆಯಷ್ಟು ಜಾಗ ಮಾಡಿಕೊಂಡಿದ್ದಳು. ಆ ಹೊತ್ತಿಗೆ ಯಾರಾದರೂ ಹುಡುಕಿಕೊಂಡು ಬಂದರೆ ಫ್ಲೋರಿಟಾ ಬಾಗಿಲಲ್ಲೇ ತಡೆದು, "ಹತ್ತು ನಿಮಿಷ ತಡ್ಕೊಳ್ಳಿ, ಓಮಿ ಮೇಲಿನವರ ಹತ್ರ ಮಾತಾಡ್ತಿದಾಳೆ," ಎನ್ನುತ್ತಿದ್ದಳು.

ಫ್ಲೋರಿಟಾ ಇಬಾನ್ಯೆಸ್ ಅದೇ ವಿಭಾಗದ ಗುಮಾಸ್ತೆ. ಇಬ್ಬರೂ ಒಂದೇ ವರ್ಷ ಸೇರಿದವರು. ಮಧ್ಯಾಹ್ನ ಇಬ್ಬರ ಡಬ್ಬಿಯೂ ಒಂದೇ ಮೇಜಿನ ಮೇಲೆ ತೆರೆಯುತ್ತಿತ್ತು. ಓಮಿಯ ಡಬ್ಬಿಯಲ್ಲಿ ಅರಿಶಿನದ ಅನ್ನ, ತೆಂಗಿನಕಾಯಿ ಹಾಕಿದ ಕೋಳಿ, ಜೊತೆಗೆ ಪಲಾಪ ಎಂಬ ಅವರ ಊರಿನ ಖಾರದ ಚಟ್ನಿ. ಅದನ್ನು ನಾಲಿಗೆಗೆ ತಾಗಿಸಿ ಫ್ಲೋರಿಟಾ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ, "ಅಯ್ಯೋ ಇವಳು ನನ್ನ ಕೊಲ್ತಾಳೆ," ಎಂದು ಬೊಬ್ಬೆ ಹಾಕುತ್ತಲೇ ಮತ್ತೆ ಕೈ ಹಾಕುತ್ತಿದ್ದಳು. ಯಾರದಾದರೂ ಹುಟ್ಟುಹಬ್ಬವೆಂದರೆ ನಮ್ಮಲ್ಲಿ ಇಡೀ ಹಂದಿ ಸುಟ್ಟು ತರುವುದೇ. ಆಗ ವಿಭಾಗದ ಮುಖ್ಯಸ್ಥ ಡಾಕ್ಟರ್ ಕ್ರಿಸಾಂತೊ ಅಬೆಯಾನಾ ತಟ್ಟೆ ಹಿಡಿದುಕೊಂಡು, "ಓಮಿಯ ಪಾಲೂ ನಂದೇ, ಯಾರೂ ಮುಟ್ಟಬೇಡಿ," ಎಂದು ಕೂಗುವುದು, "ಸರ್, ನನ್ನ ಪಾಲಿನ ಕೊಬ್ಬೆಲ್ಲ ನಿಮ್ಮ ಹೊಟ್ಟೇಲೇ ಕಾಣ್ತಿದೆ," ಎಂದು ಅವಳು ತಿರುಗಿಸಿ ಕೊಡುವುದು ನಡೆದೇ ಇತ್ತು. ಅವಳಿಗೆಂದೇ ಬೇರೆ ತಟ್ಟೆಯಲ್ಲಿ ಮೀನು ಬರುತ್ತಿತ್ತು. ಅದನ್ನು ತರಿಸುತ್ತಿದ್ದವರೂ ಅಬೆಯಾನಾ ಅವರೇ.

ಆ ವರ್ಷದ ಮೇ ತಿಂಗಳಲ್ಲಿ ಮರಾವಿಯಲ್ಲಿ ಯುದ್ಧ ಶುರುವಾಯಿತು. ಅವಳದೇ ಧರ್ಮದ ಹೆಸರು ಹೇಳಿಕೊಂಡು ಬಂದೂಕು ಹಿಡಿದವರು ಊರಿಗೆ ನುಗ್ಗಿದರು, ಹಿಂದೆಯೇ ಸೈನ್ಯ ಬಂತು, ಆಮೇಲೆ ವಿಮಾನದಿಂದ ಬಾಂಬು. ಓಮಿಯ ತಾಯಿ ಉಟ್ಟ ಬಟ್ಟೆಯಲ್ಲಿ ನಡೆದುಕೊಂಡು ಹೊರಟು ಪಕ್ಕದ ಪಟ್ಟಣ ಇಲಿಗಾನ್‌ನಲ್ಲಿದ್ದ ಇನ್ನೊಬ್ಬ ಮಗಳ ಮನೆ ಸೇರಿದಳು. ಕೆರೆಯ ಕಡೆಗೆ ಮುಖ ಮಾಡಿದ್ದ ಅವರ ಮನೆ ಉಳಿಯಲಿಲ್ಲ. ವಿಭಾಗದವರು ಅಕ್ಕಿ, ಬಟ್ಟೆ, ಹಾಲಿನಪುಡಿ ಒಟ್ಟುಮಾಡಿ ಕೊಟ್ಟರು. ಫ್ಲೋರಿಟಾ ತನ್ನ ಅಮ್ಮನ ಹೊದಿಕೆಗಳನ್ನೇ ಮಡಚಿ ತಂದಿದ್ದಳು. ಪೆಟ್ಟಿಗೆಗಳಿಗೆ ಹಗ್ಗ ಬಿಗಿದು ಹಡಗಿಗೆ ಹಾಕುವ ಕೆಲಸಕ್ಕೆ ನಾನೂ ಹೋಗಿದ್ದೆ.

ಇದಾಗಿ ಕೆಲವು ವಾರಕ್ಕೆ ಒಂದು ಬೆಳಿಗ್ಗೆ ಓಮಿಯ ಕೀಲಿ ಉಗ್ರಾಣದ ಬಾಗಿಲಿಗೆ ಹೊಂದಲಿಲ್ಲ. ಬೀಗ ಹೊಸದು. ತಿರುಗಿಸಿ ಮುರುಗಿಸಿ ನೋಡುತ್ತಿದ್ದವಳನ್ನು ಅಬೆಯಾನಾ ಒಳಗೆ ಕರೆದರು. ನಾನು ಬಿಸಿನೀರಿಗೆಂದು ಹೋಗಿದ್ದೆ. ಬಾಗಿಲು ತೆರೆದೇ ಇದ್ದುದರಿಂದ ಮಾತೆಲ್ಲ ಕೇಳಿಸಿತು.

"ಕೂತ್ಕೋ ಓಮಿ. ಇವತ್ತಿಂದ ನೀನು ಮೇಲೆ ಪ್ರಬಂಧಗಳ ಕೋಣೆ ನೋಡ್ಕೋ. ಫ್ಯಾನಿದೆ, ಗಾಳಿ ಬರುತ್ತೆ, ಕೆಲಸಾನೂ ಕಡಿಮೆ."

"ಉಗ್ರಾಣ ಯಾರು ನೋಡ್ಕೋತಾರೆ ಸರ್?"

"ಅದೆಲ್ಲ ಆಗುತ್ತೆ ಬಿಡು. ಇದು ನಿನ್ನ ಒಳ್ಳೇದಕ್ಕೇ. ಕಾಲ ಸರಿಯಿಲ್ಲ. ನಾಳೆ ಎಲ್ಲೋ ಏನೋ ಆಯ್ತು ಅನ್ನು, ಜನ ಮೊದಲು ಯಾರ ಕಡೆ ನೋಡ್ತಾರೆ? ನೀನೇ ಹೇಳು."

ಅವಳು ಹೊಂದದ ಕೀಲಿಯನ್ನು ಮೇಜಿನ ಮೇಲಿಟ್ಟಳು. ಆಮೇಲೆ, "ಹಾಗಾದ್ರೆ ಅದನ್ನೇ ಬರೆದು ಕೊಡಿ ಸರ್. ಯಾಕೆ ವರ್ಗ ಮಾಡಿದ್ರಿ ಅಂತ," ಎಂದಳು.

"ಬರೆಯೋದೇನು ಬಂತು ಇದರಲ್ಲಿ? ಮನೆಯವರ ಮಧ್ಯೆ ಬರವಣಿಗೆ ಯಾಕೆ?"

"ಮನೆಯವಳ ಕೈಯಿಂದ ಕೀಲಿ ಕಿತ್ಕೊಂಡ್ರಲ್ಲ ಸರ್."

ಅಬೆಯಾನಾ ಕೆಟ್ಟ ಮನುಷ್ಯರಲ್ಲ. ಬಂದ ತೊಂದರೆ ಕಣ್ಣಿಗೆ ಬೀಳದ ಹಾಗೆ ಮಾಡಿದರೆ ಅದು ಹೋಯಿತೆಂದೇ ತಿಳಿಯುವವರು. ಅವರು ಬರೆದು ಕೊಡಲಿಲ್ಲ. ಓಮಿ ಮೇಲಿನ ಕೋಣೆಗೆ ಹೋದಳು. ಗೇಟಿನಲ್ಲಿ ಮಿಕ್ಕವರ ಚೀಲಕ್ಕೆ ಕಡ್ಡಿ ಆಡಿಸಿ ಬಿಡುತ್ತಿದ್ದ ಕಾವಲುಗಾರ ಅವಳ ಚೀಲವನ್ನು ಮೇಜಿನ ಮೇಲೆ ಸುರಿಸಿ ನೋಡತೊಡಗಿದ. "ತಪ್ಪು ತಿಳ್ಕೋಬೇಡಿ ಮ್ಯಾಮ್, ಮೇಲಿಂದ ಹೇಳಿದಾರೆ," ಎಂದು ಪ್ರತಿದಿನ ಹೇಳುತ್ತಿದ್ದ. ಅವಳು ಪ್ರತಿದಿನ "ಪರವಾಗಿಲ್ಲ ಅಣ್ಣಾ" ಎಂದು ಬಾಚಣಿಗೆ, ಡಬ್ಬಿ, ಕೊಡೆಗಳನ್ನು ಮತ್ತೆ ತುಂಬಿಕೊಳ್ಳುತ್ತಿದ್ದಳು.

ಆ ವರ್ಷವೇ ಆಡಳಿತ ಕಟ್ಟಡದ ಕೆಳಗೆ ಸಮಾನತೆಯ ಕಚೇರಿ ಎಂದು ಒಂದು ಹೊಸದಾಗಿ ತೆರೆದಿತ್ತು. ಬಾಗಿಲ ಮೇಲೆ ಬಣ್ಣಬಣ್ಣದ ಬ್ಯಾನರು, ಒಳಗೆ ಹೊಸ ಕುರ್ಚಿಗಳು. ಓಮಿ ಅಲ್ಲಿಗೆ ಹೋದಾಗ ಅಲ್ಲಿನ ನಿರ್ದೇಶಕಿ ಎದ್ದು ನಿಂತು ಸ್ವಾಗತಿಸಿದಳಂತೆ.

"ನಾವೇ ನಿಮ್ಮನ್ನ ಹುಡುಕ್ತಾ ಇದ್ವಿ ಮ್ಯಾಮ್! ಹೊಸ ಕೈಪಿಡಿಗೆ ನಿಮ್ಮ ಫೋಟೋ ಬೇಕಿತ್ತು. ಈ ವಸ್ತ್ರದಲ್ಲೇ ತುಂಬ ಚೆನ್ನಾಗಿ ಕಾಣ್ತೀರ."

"ಫೋಟೋ ಆಮೇಲೆ ತೆಗೀರಿ ಮ್ಯಾಮ್, ಮೊದಲು ನನ್ನದೊಂದು ದೂರಿದೆ."

ದೂರು ಎಂದ ಕೂಡಲೇ ನಿರ್ದೇಶಕಿ ಕುಳಿತುಕೊಂಡಳು. ವಿದ್ಯಾರ್ಥಿಗಳ ದೂರು ಕೇಳಲು ಅವರಲ್ಲಿ ವ್ಯವಸ್ಥೆ ಇತ್ತು. ಕೆಲಸದವರು ದೂರು ತರಬಹುದೆಂದು ಯಾರೂ ಯೋಚಿಸಿರಲಿಲ್ಲ. ಇದನ್ನು ನನಗೆ ಹೇಳುವಾಗ ಓಮಿ ನಕ್ಕಿದ್ದಳು. "ನನ್ನ ಮುಖ ಬೇಕಂತೆ ಸರ್ ನೀಲೋ, ಬಾಯಿ ಬೇಡವಂತೆ."

ಆದರೂ ಬಿಡಲಿಲ್ಲ. ದೂರು ಬರೆದು ಕೊಟ್ಟಳು. ವಾರಕ್ಕೊಮ್ಮೆ ಹೋಗಿ ವಿಚಾರಿಸಿದಳು. ಕಡೆಗೆ ಒಂದು ಸಮಿತಿ ಮಾಡಿದರು. ಸಿಬ್ಬಂದಿ ಸಂಘದ ಪರವಾಗಿ ಅದರಲ್ಲಿ ನನ್ನನ್ನು ಹಾಕಿದರು. ಸಮಿತಿ ಕೂಡಲು ಮತ್ತೊಂದು ವರ್ಷ ಹಿಡಿಯಿತು.

ಆ ವರ್ಷದಲ್ಲಿ ಅವಳು ಊಟಕ್ಕೆ ಕೆಳಗಿಳಿಯುವುದು ನಿಂತಿತು. ಯಾರೂ ಬರಬೇಡ ಎಂದಿರಲಿಲ್ಲ. ಒಮ್ಮೆ ಎಂದಿನಂತೆ ಡಬ್ಬಿ ಹಿಡಿದು ಬಂದವಳಿಗೆ ಫ್ಲೋರಿಟಾ ತಲೆ ಎತ್ತದೆ ಹೇಳಿದಳಂತೆ: "ಸರ್ ಮೇಲೆ ದೂರು ಕೊಟ್ಟಿದೀಯ. ನಿಮ್ಮನೆ ಸುಟ್ಟಾಗ ಅವರೇ ಎಲ್ಲರ ಹತ್ರ ಹೋಗಿ ಬಟ್ಟೆ ಕೇಳಿ ತಂದಿದ್ದು. ಅದನ್ನಾದ್ರೂ ನೆನೀಬಾರ್ದಿತ್ತಾ?"

"ನೆನೆದಿದೀನಿ ಫ್ಲೋರ್. ಅದಕ್ಕೂ ಇದಕ್ಕೂ ಏನು ಸಂಬಂಧ?"

"ನಿನಗೆ ಕಾಣಲ್ವಲ್ಲ, ಅದೇ."

ಆಮೇಲೆ ಅವಳು ಪ್ರಬಂಧಗಳ ಕೋಣೆಯಲ್ಲೇ ಉಂಡಳು. ಒಮ್ಮೆ ನಾನು ಮೇಲೆ ಹೋದಾಗ ಡಬ್ಬಿಯ ಪಕ್ಕ ಫೋನನ್ನು ಗೋಡೆಗೆ ಆನಿಸಿ ಇಟ್ಟು, ಇಲಿಗಾನ್‌ನಲ್ಲಿದ್ದ ತಾಯಿಯ ಜೊತೆ ಮಾತಾಡುತ್ತ ಉಣ್ಣುತ್ತಿದ್ದಳು. ತಾಯಿ ಏನೋ ಕೇಳಿದಳು. ಓಮಿ ಅವರ ಭಾಷೆಯಲ್ಲಿ ಉತ್ತರ ಕೊಟ್ಟು ನನ್ನತ್ತ ತಿರುಗಿ, "ಎಲ್ಲರೂ ಜೊತೇಲಿ ಕೂತು ಉಣ್ತಿದೀರಾ ಅಂತ ಕೇಳಿದ್ಲು. ಹೂಂ ಅಂದೆ. ಸುಳ್ಳಾಗಬಾರದು, ನೀವೊಂದು ನಿಮಿಷ ಕೂತ್ಕೊಳ್ಳಿ ಸರ್ ನೀಲೋ," ಎಂದಳು. ನಾನು ಕುಳಿತು ಅವಳ ಪಲಾಪ ತಿಂದು ಕೆಮ್ಮಿದೆ. ಫೋನಿನಲ್ಲಿ ತಾಯಿ ನಗುವುದು ಕೇಳಿಸಿತು.

ವಿಚಾರಣೆಯ ದಿನ ಅಬೆಯಾನಾ ಇಸ್ತ್ರಿ ಮಾಡಿದ ಬಿಳಿ ಬರೋಂಗ್ ಅಂಗಿ ತೊಟ್ಟು ಬಂದಿದ್ದರು. "ಓಮಿ ಮೇಲೆ ನನಗೆ ಎಳ್ಳಷ್ಟೂ ಅನುಮಾನ ಇಲ್ಲ," ಎಂದರು. ಹಾಗಾದರೆ ಬೀಗ ಬದಲಾಯಿಸಿದ್ದೇಕೆ ಎಂದು ಅಧ್ಯಕ್ಷರು ಕೇಳಿದರು. "ಕೆಲವರು ಬಂದು ಹೆದರಿಕೆ ಆಗುತ್ತೆ ಅಂದ್ರು. ನನ್ನ ಕೈಕೆಳಗೆ ಎಲ್ಲರೂ ಇದಾರೆ, ಎಲ್ಲರನ್ನೂ ನೋಡಬೇಕಲ್ಲ."

"ಯಾರು ಬಂದು ಹೇಳಿದ್ದು?"

ಆಗ ಸಾಕ್ಷಿಯಾಗಿ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಫ್ಲೋರಿಟಾ ಎದ್ದಳು.

"ನಾನು ಹೇಳಿದ್ದು," ಎಂದಳು. ಕೈಯಲ್ಲಿದ್ದ ಕರವಸ್ತ್ರವನ್ನು ಹಿಂಡುತ್ತಿದ್ದಳು. "ನನ್ನ ತಮ್ಮ ಸೈನ್ಯದಲ್ಲಿದ್ದ, ಮರಾವಿಗೇ ಹಾಕಿದ್ರು. ದಿನಾ ಟೀವಿ ಮುಂದೆ ಕೂತು ಸತ್ತವರ ಹೆಸರು ನೋಡ್ತಿದ್ದೆ. ಬೆಳಿಗ್ಗೆ ಇಲ್ಲಿ ಬಂದ್ರೆ ಇವಳು ಆಸಿಡ್ ಬಾಟಲಿ ಇಳಿಸ್ತಾ ಇರೋಳು. ತಲೆ ಮೇಲೆ ಅದೇ ವಸ್ತ್ರ. ಇವಳು ಓಮಿ ಅಂತ ಗೊತ್ತು ಸರ್. ಗೊತ್ತಿದ್ರೂ ಎದೆ ಹೊಡ್ಕೊಳ್ತಿತ್ತು. ಏನು ಮಾಡ್ಲಿ?"

ಫ್ಲೋರಿಟಾಳೇ ಹೀಗೆ ಹೇಳಿದ್ದಾಳೆಂದು ಓಮಿಗೆ ಗೊತ್ತಿರಲಿಲ್ಲ, ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಓಮಿ ಹಿಂದಿನ ಸಾಲಿನ ಕಡೆಗೆ ತಿರುಗಿ ಕೇಳಿದಳು:

"ತಮ್ಮ ಹೇಗಿದಾನೆ ಈಗ?"

"ಬಂದಿದಾನೆ. ಕಾಲು ಸ್ವಲ್ಪ ಎಳೀತಾನೆ."

"ನಮ್ಮೂರಲ್ಲಿದಾನೆ ಅಂತ ನನಗೆ ಹೇಳಲೇ ಇಲ್ಲ ನೀನು."

"ಹೇಗೆ ಹೇಳ್ಲಿ?"

"ನನ್ನಮ್ಮನೂ ಅದೇ ಊರಲ್ಲಿದ್ಲು ಫ್ಲೋರ್. ಇಬ್ಬರೂ ಒಟ್ಟಿಗೇ ಹೆದರಬಹುದಿತ್ತು."

ಫ್ಲೋರಿಟಾ ಅಳುತ್ತ ಹೊರಗೆ ಹೋದಳು. ಓಮಿ ಅಳಲಿಲ್ಲ. ಅಧ್ಯಕ್ಷರು ದೂರನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೀರಾ ಎಂದು ಮೆಲ್ಲಗೆ ಕೇಳಿದಾಗ, "ಇಲ್ಲ ಸರ್. ಅವಳು ಹೆದರಿದ್ದು ತಪ್ಪಲ್ಲ. ಅವಳ ಹೆದರಿಕೆಗೆ ನನ್ನ ಕೆಲಸ ಕೊಟ್ಟಿದ್ದು ತಪ್ಪು," ಎಂದಳು.

ತೀರ್ಮಾನ ಅವಳ ಕಡೆಗೇ ಆಯಿತು. ಕಾರಣ ಬರೆದು ಕೊಡದೆ ಯಾರನ್ನೂ ವರ್ಗ ಮಾಡಬಾರದೆಂಬ ನಿಯಮ ಬಂತು. ಗೇಟಿನಲ್ಲಿ ಎಲ್ಲರ ಚೀಲವನ್ನೂ ಒಂದೇ ರೀತಿ ನೋಡಬೇಕೆಂದಾಯಿತು. ಪೊರಕೆ, ಬಕೆಟ್ಟು ಇಡುತ್ತಿದ್ದ ಕೋಣೆಯೊಂದನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಪ್ರಾರ್ಥನೆಗೆಂದು ಬಿಟ್ಟುಕೊಟ್ಟರು. ಅಬೆಯಾನಾ ಅವರೇ ಉಗ್ರಾಣದ ಹೊಸ ಕೀಲಿಯನ್ನು ಅವಳ ಕೈಗಿತ್ತು, "ನನ್ನಿಂದ ನಿಮಗೆ ನೋವಾಗಿದೆ, ಕ್ಷಮಿಸಬೇಕು," ಎಂದರು. ಅಲ್ಲಿಯವರೆಗೆ ಅವರು ಒಮ್ಮೆಯೂ ಅವಳನ್ನು ನೀವು ಎಂದವರಲ್ಲ.

ಮುಂದೆ ಎಲ್ಲರೂ ನೀವು ಎಂದೇ ಹೇಳತೊಡಗಿದರು. ಓಮಿ ಹೋಗಿ ಮ್ಯಾಮ್ ಒಮೈರಾ ಆದಳು. ಅವಳು ಒಳಗೆ ಬಂದರೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು, ಯಾರೋ ಎದ್ದು ಕುರ್ಚಿ ಕೊಡುತ್ತಿದ್ದರು. ಹುಟ್ಟುಹಬ್ಬದ ದಿನ ಅವಳ ಮೀನನ್ನು ಬೇರೆ ಮೇಜಿನ ಮೇಲೆ, ಬೇರೆ ಬಟ್ಟೆ ಹಾಸಿ ಇಟ್ಟಿದ್ದರು. ಹಂದಿಯ ಮಾತು ಯಾರೂ ಎತ್ತಲಿಲ್ಲ. ಫ್ಲೋರಿಟಾ ತಾನೇ ಕೇಳಿಕೊಂಡು ಇನ್ನೊಂದು ಕಾಲೇಜಿನ ಕಚೇರಿಗೆ ಹೋದಳು.

"ಈಗ ಯಾರೂ ನನ್ನ ಗೇಲಿ ಮಾಡಲ್ಲ," ಎಂದು ಒಮ್ಮೆ ಪ್ರನಾಳಗಳನ್ನು ತೊಳೆಯುತ್ತ ಹೇಳಿದಳು. "ಎಲ್ಲರೂ ಎಷ್ಟು ಮರ್ಯಾದೆ ಕೊಡ್ತಾರೆ ಅಂದ್ರೆ, ಸತ್ತವರಿಗೆ ಕೊಡೋ ಹಾಗೆ."

"ದೂರು ಕೊಡಬಾರದಿತ್ತು ಅನ್ಸುತ್ತಾ?" ಎಂದೆ.

"ಇಲ್ಲ. ಕೊಡಲೇಬೇಕಿತ್ತು." ನೀರು ನಿಲ್ಲಿಸಿದಳು. "ಇಷ್ಟು ಸದ್ದಿಲ್ಲದೆ ಇರುತ್ತೆ ಅಂತ ಗೊತ್ತಿರಲಿಲ್ಲ, ಅಷ್ಟೆ."

ಬೇರೆ ವಿಭಾಗಗಳವರು ಮಾತ್ರ ತಮ್ಮ ದೂರು ಹಿಡಿದು ಅವಳ ಬಳಿ ಬರುತ್ತಿದ್ದರು. ಗುಡ್ಡಗಾಡಿನ ಮನೋಬೊ ಜನಾಂಗದ ಒಬ್ಬ ನರ್ಸಿಂಗ್ ಅಧ್ಯಾಪಕಿ ಬಡ್ತಿ ತಪ್ಪಿತೆಂದು ಬಂದಳು. ಕಿವಿ ಕೇಳದ ಗ್ರಂಥಾಲಯದ ಸಹಾಯಕನೊಬ್ಬ ಬಂದ. ಒಮೈರಾ ಅವರ ಮಾತು ಕೇಳಿ, ದೂರು ಬರೆಯಲು ಜೊತೆ ಕೂತು, ಕಚೇರಿಗೆ ಜೊತೆ ಹೋಗಿ, ಒಳಗೆ ಕರೆಯುವ ತನಕ ಬೆಂಚಿನ ಮೇಲೆ ಕಾದಳು. ಕೆಲವರದು ಸರಿಹೋಯಿತು, ಕೆಲವರದು ಇಲ್ಲ. ಸರಿಹೋದವರು ಮತ್ತೆ ಅವಳ ಕಡೆ ಸುಳಿಯುತ್ತಿರಲಿಲ್ಲ. ಅವಳ ಜೊತೆ ಕಾಣಿಸಿಕೊಂಡರೆ ಇನ್ನೊಂದು ದೂರು ತಯಾರಾಗುತ್ತಿದೆ ಎಂದು ಜನ ತಿಳಿಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ದಾರಿಯಲ್ಲಿ ಅವರು ಎದುರಾದರೆ ತಾನೇ ಮೊದಲು ಬೇರೆ ಕಡೆ ನೋಡುತ್ತಿದ್ದಳು.

ಕಳೆದ ವರ್ಷ ಅವಳ ತಾಯಿ ತೀರಿಕೊಂಡಳು. ಸುದ್ದಿ ಬಂದಾಗ ಅವಳು ಪ್ರಯೋಗಾಲಯದಲ್ಲಿದ್ದಳು. ರಜೆಗೆ ಯಾರೂ ಅಡ್ಡಿ ಮಾಡಲಿಲ್ಲ, ಎಲ್ಲ ನಿಯಮದ ಪ್ರಕಾರ ಅರ್ಧ ಗಂಟೆಯಲ್ಲಿ ಮುಗಿಯಿತು. ಕಚೇರಿಯಿಂದ ಹೂವಿನ ಚಕ್ರ ಕಳಿಸಬೇಕೇ ಎಂದು ಕೇಳಿದರು, ಅವರಲ್ಲಿ ಹೂವಿನ ಪದ್ಧತಿ ಇಲ್ಲವೆಂದು ಅವಳು ಹೇಳಿದಳು. ಸಂಜೆಯ ಹಡಗಿಗೆ ನಾನೇ ಬಂದರಿನವರೆಗೆ ಬಿಟ್ಟೆ. ಮಣ್ಣು ಮಾಡುವುದನ್ನು ಅವರು ತಡಮಾಡುವುದಿಲ್ಲ. ತಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆಂದು ದಾರಿಯಲ್ಲಿ ಹೇಳಿದಳು.

ಟಿಕೆಟ್ ಸಾಲಿನಲ್ಲಿ ಜನ ತುಂಬಿದ್ದರು. ಕೋಳಿ ಹುಂಜ, ಅಕ್ಕಿ ಮೂಟೆ, ಅಳುವ ಮಕ್ಕಳು. ಅವಳ ಕೈಯಲ್ಲಿ ಒಂದು ಸಣ್ಣ ಚೀಲವಷ್ಟೇ ಇತ್ತು.

"ಅಲ್ಲೇ ಇದ್ದುಬಿಡ್ತೀರೇನೋ," ಎಂದೆ.

"ಅಲ್ಲಿ ಯಾರಿದಾರೆ ಸರ್ ನೀಲೋ? ಅಕ್ಕನ ಮನೇಲಿ ನಾನು ನೆಂಟಳು. ಮರಾವಿಯಲ್ಲಿ ಮನೆ ಇದ್ದ ಜಾಗದಲ್ಲಿ ಹುಲ್ಲು ಬೆಳೆದಿದೆ." ಸಾಲು ಮುಂದೆ ಸರಿಯಿತು. "ಮುಂದಿನ ವಾರ ಮೊದಲ ವರ್ಷದ ಮಕ್ಕಳಿಗೆ ಪ್ರಯೋಗ ಇದೆ. ಬರ್ತೀನಿ."

ಹೇಳಿದಂತೆಯೇ ಬಂದಳು. ಆ ಸೋಮವಾರ ನಾನು ಬಿಸಿನೀರಿಗೆಂದು ಹೋದಾಗ ಉಗ್ರಾಣದ ಬಾಗಿಲು ತೆರೆದಿತ್ತು. ಅವಳು ಏಣಿಯ ಮೇಲೆ ನಿಂತು ಸೀಸೆಗಳ ಧೂಳು ಒರೆಸುತ್ತಿದ್ದಳು. ಕೆಳಗೆ ಹೊಸದಾಗಿ ಸೇರಿದ ಉಪನ್ಯಾಸಕನೊಬ್ಬ ಬಹಳ ವಿನಯದಿಂದ, ತಮಗೆ ತೊಂದರೆಯಾಗದಿದ್ದರೆ ಸ್ವಲ್ಪ ಸ್ಪಿರಿಟ್ ಬೇಕಿತ್ತು ಎಂದು ಕೇಳುತ್ತಿದ್ದ.