ದಿನಕ್ಕೊಂದು ಮಿಲಿಮೀಟರ್

ಉಪ್ಪಿನಕಾಯಿ ಜಾಡಿಯ ತಳದಲ್ಲಿ ಕಟ್ಟಕಡೆಯ ಮಾವಿನ ಹೋಳೊಂದು ಅಂಟಿಕೊಂಡಿದ್ದರೆ ನೀವೇನು ಮಾಡುತ್ತೀರೋ ನಾನರಿಯೆ. ಚಮಚ ಹಾಕಿ ತೆಗೆಯುವಷ್ಟು ವಿವೇಕ ನಿಮಗಿದ್ದರೆ ದೇವರು ನಿಮ್ಮನ್ನು ಹೀಗೇ ಇಟ್ಟಿರಲಿ. ಕನ್ನಡ ಎಂ.ಎ. ಮಾಡಿ, ದೇವರಾಜ ಮೊಹಲ್ಲಾದಲ್ಲಿ ಅಪ್ಪನಿಂದ ಬಂದ ರೇಷ್ಮೆ ಸೀರೆ ಅಂಗಡಿಯನ್ನು ಬಹುಕಾಲ ನಡೆಸಿ, ವ್ಯಾಕರಣ, ವ್ಯಾಪಾರ ಎರಡರಲ್ಲೂ ಪಂಡಿತನೆನಿಸಿಕೊಂಡಿದ್ದ ನಾನು ಮಾತ್ರ ಗಾಜಿನ ಜಾಡಿಯೊಳಗೆ ಬಲಗೈಯನ್ನೇ ತೂರಿಸಿದೆ. ಹೋಳು ಸಿಕ್ಕಿತು, ಕೈ ಹೊರಬರಲಿಲ್ಲ. ಮುಷ್ಟಿ ಬಿಚ್ಚಿದ್ದರೆ ಬರುತ್ತಿತ್ತು; ಬಿಚ್ಚಲಿಲ್ಲ. ಜಾಡಿಯನ್ನು ಬಚ್ಚಲಕಲ್ಲಿಗೆ ಮೆಲ್ಲಗೆ ತಟ್ಟಿದೆ. ಮೆಲ್ಲಗೆ ಎಂಬುದು ನನ್ನ ವಾದ, ನನ್ನ ಹೆಂಡತಿ ವಿಜಯಾಳ ವಾದ ಬೇರೆ. ಏನೇ ಆಗಲಿ, ಗಾಜು ಒಡೆದು ಮಣಿಕಟ್ಟಿನ ಒಳಬದಿಗೆ ಆಳವಾಗಿ ಇಳಿಯಿತು.

"ಈಗ್ಲಾದ್ರೂ ಆ ಹೋಳು ಬುಡ್ರೀ!" ಎಂದು ಟವೆಲ್ ಸುತ್ತುತ್ತ ವಿಜಯಾ ಕಿರುಚಿದಳು.

ಆಸ್ಪತ್ರೆಯ ಡಾಕ್ಟರು ತುಂಡಾಗಿದ್ದ ನರದ ಎರಡು ತುದಿಗಳನ್ನು ಕೂದಲಿಗಿಂತ ಸಣ್ಣ ದಾರದಿಂದ ಹೊಲಿದರು. "ನಾನು ಜೋಡಿಸಿದೀನಿ ಅಷ್ಟೆ. ಬೆಳೆಯೋದು ಬಿಡೋದು ನರಕ್ಕೆ ಬಿಟ್ಟಿದ್ದು," ಎಂದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರೂ ನನ್ನವಲ್ಲವೆಂಬಂತೆ ಮರಗಟ್ಟಿದ್ದವು. ಬಿಸಿ ಕಾಫಿಲೋಟ ಹಿಡಿದರೆ ಚರ್ಮ ಕೆಂಪಾಗುತ್ತಿತ್ತು, ನನಗೆ ಸುದ್ದಿಯೇ ಇರುತ್ತಿರಲಿಲ್ಲ.

ಈ ಮೂರು ಬೆರಳುಗಳೇ ನನ್ನ ಕುಲದೇವತೆಗಳು ಎಂದರೆ ನಿಮಗೆ ನಗು ಬರಬಹುದು. ಕಣ್ಣುಮುಚ್ಚಿ ಸೆರಗನ್ನು ಹೊಸಕಿ ಅಪ್ಪಟ ರೇಷ್ಮೆಯೋ ಬೆರಕೆಯೋ ಹೇಳಿಬಿಡುವುದು ನನ್ನ ಖ್ಯಾತಿ. ಗಿರಾಕಿಗಳು ಚಾಮುಂಡಿಗೆ ಕೈಮುಗಿದಷ್ಟೇ ಭಕ್ತಿಯಿಂದ ನನ್ನ ಬೆರಳುಗಳನ್ನು ನೋಡುತ್ತಿದ್ದರು. ನಾನೂ ಅರ್ಚಕನಂತೆ ಒಂದು ಕ್ಷಣ ಉಸಿರು ಬಿಗಿಹಿಡಿದು, ಬೇಕಾದ್ದಕ್ಕಿಂತ ಎರಡು ಕ್ಷಣ ಹೆಚ್ಚೇ ಕಣ್ಣುಮುಚ್ಚಿ, ಅಪ್ಪಣೆ ಕೊಡುತ್ತಿದ್ದೆ.

ನನ್ನ ಅಕ್ಕನ ಮಗಳು ಪವಿತ್ರ ಪ್ರಯೋಗಾಲಯವೊಂದರಲ್ಲಿ ನರಕೋಶಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಇಷ್ಟು ವರ್ಷ ಅದೇನೆಂದು ಕೇಳುವ ಸೌಜನ್ಯ ನನಗಿರಲಿಲ್ಲ; ಸ್ವಂತ ನರ ಕತ್ತರಿಸಿಕೊಂಡ ಮೇಲೆ ವಿಜ್ಞಾನದಲ್ಲಿ ಅಪಾರ ಶ್ರದ್ಧೆ ಹುಟ್ಟಿತು. ಅವಳು ನನ್ನನ್ನು ಪರದೆಯ ಮುಂದೆ ಕೂರಿಸಿ, ತಟ್ಟೆಯಲ್ಲಿ ಬೆಳೆಯುತ್ತಿದ್ದ ನರಕೋಶವೊಂದನ್ನು ತೋರಿಸಿದಳು. ಉದ್ದನೆಯ ಎಳೆ, ಅದರ ತುದಿಯಲ್ಲೊಂದು ಪುಟ್ಟ ಹಸ್ತ. ಹಸ್ತದಿಂದ ಸಣ್ಣ ಸಣ್ಣ ಬೆರಳುಗಳು ಚಾಚಿ, ತಡವಿ, ಮುದುಡಿ, ಮತ್ತೆ ಚಾಚುತ್ತಿದ್ದವು.

"ನೋಡಿ ಮಾವ, ಆ ಬೆರಳೊಳಗೆಲ್ಲ ಆಕ್ಟಿನ್ ಅನ್ನೋ ಪ್ರೋಟೀನಿನ ಎಳೆಗಳಿವೆ. ಮುಂದ್ಗಡೆ ಹೊಸ ತುಣುಕು ಸೇರ್ತಾ ಹೋಗುತ್ತೆ, ಹಿಂದ್ಗಡೆ ಹಳೇದು ಕಳಚ್ತಾ ಬರುತ್ತೆ. ಒಳ್ಳೇ ಜಾಗ ಸಿಕ್ರೆ ಅಲ್ಲಿ ಹಿಡ್ಕೊಂಡು ನರ ಮುಂದಕ್ಕೆ ಹೋಗುತ್ತೆ. ಸರಿಯಿಲ್ದಿದ್ರೆ ಆ ಬೆರಳು ಕುಸಿದು, ಬೇರೆ ಕಡೆ ತಿರುಗುತ್ತೆ."

"ಕಟ್ಟಿದ್ದನ್ನ ಯಾಕಮ್ಮ ಕಳಚಬೇಕು? ಗಟ್ಟಿಯಾಗಿ ಇದ್ದುಬಿಟ್ರೆ ಒಳ್ಳೇದಲ್ವಾ?"

"ಗಟ್ಟಿಯಾಗಿ ಕೂತ್ಬುಟ್ರೆ ಅಲ್ಲೇ ನಿಂತೋಗುತ್ತೆ ಮಾವ," ಎಂದು ನಕ್ಕಳು. ಗಾಯದ ಕೆಳಗಿನ ನರವೆಲ್ಲ ಸತ್ತು, ಖಾಲಿ ಹಾದಿಯಷ್ಟೇ ಉಳಿದಿರುತ್ತದಂತೆ. ಮೇಲಿನ ತುದಿ ಇಂಥದೊಂದು ಹಸ್ತವನ್ನು ಮತ್ತೆ ಕಟ್ಟಿಕೊಂಡು ಆ ಹಾದಿಯಲ್ಲಿ ತಡಕಾಡುತ್ತ ಬೆರಳತುದಿಯವರೆಗೆ ಬರಬೇಕಂತೆ. ಬೆನ್ನುಹುರಿಯಲ್ಲಾದರೆ ತುದಿ ಊದಿಕೊಂಡು ಅಲ್ಲೇ ಕೂತುಬಿಡುವುದೇ ಹೆಚ್ಚು, ಕೈಯಲ್ಲಾದ್ದರಿಂದ ಆಸೆಯಿದೆ ಎಂದಳು. ವೇಗ? ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಸರ್ಕಾರಿ ಕಡತಗಳ ಬಗ್ಗೆ ನನಗಿದ್ದ ತಿರಸ್ಕಾರವೆಲ್ಲ ಆ ಕ್ಷಣಕ್ಕೆ ಕರಗಿಹೋಯಿತು.

ನರದ ದಾರಿಯನ್ನು ಬೆರಳಿನಿಂದ ತಟ್ಟುತ್ತ ಬಂದರೆ, ಬೆಳೆಯುವ ತುದಿ ತಲುಪಿದ ಕಡೆ ಜುಮ್ಮೆನ್ನುತ್ತದೆ. ಇದು ತಿಳಿದದ್ದೇ ತಡ, ನನ್ನ ಅಂಗೈ ಸಾರ್ವಜನಿಕ ಆಸ್ತಿಯಾಯಿತು. ಹಾಲು ತಂದವರೂ ತಟ್ಟಿ, "ಎಲ್ಲಿಗೆ ಬಂತು ಸಾರ್?" ಎಂದು ವಿಚಾರಿಸಿ ಹೋಗುತ್ತಿದ್ದರು.

ಎಲ್ಲರಿಗೂ ನರದ ಸುದ್ದಿ ಹೇಳಿದವನು ಅಂಗಡಿಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಬ್ಯಾಂಡೇಜು ಬಿಚ್ಚಿದ ವಾರವೇ ಗದ್ದುಗೆಯ ಮೇಲೆ ಕೂತು, ಜಡಬೆರಳುಗಳಲ್ಲಿ ಸೆರಗು ಹೊಸಕಿ, ಕಣ್ಣುಮುಚ್ಚಿ ಅಪ್ಪಣೆ ಕೊಡತೊಡಗಿದೆ. ಎಡಗೈಯಲ್ಲಿ ಮುಟ್ಟಿದ್ದರೆ ಗೊತ್ತಾಗುತ್ತಿತ್ತೇನೋ. ಗಿರಾಕಿಗಳೇನೆಂದುಕೊಂಡಾರು ಎಂಬ ಬಿಂಕ. ಹೊಸ ಏಜೆಂಟೊಬ್ಬ ತಂದ ಸೀರೆಗಳನ್ನು ಹಾಗೆಯೇ ಪರೀಕ್ಷಿಸಿ, ಅಪ್ಪಟವೆಂದು ಕೊಂಡು, ಅಪ್ಪಟವೆಂದೇ ಮಾರಿದೆ.

ಹತ್ತು ದಿನಕ್ಕೆ ಪುಟ್ಟತಾಯಮ್ಮ ಬಂದರು. ಊರ ಹೊರಗಿನ ಹಳ್ಳಿಯ ಒಕ್ಕಲುತನದ ಮನೆಯವರು, ಮೂರು ಹೆಣ್ಣುಮಕ್ಕಳ ಮದುವೆಸೀರೆಯನ್ನೂ ನನ್ನಲ್ಲೇ ಕೊಂಡವರು. ಈಗ ಮೊಮ್ಮಗಳಿಗೆಂದು ಆ ಹೊಸ ಮಾಲಿನಲ್ಲಿ ಕೊಂಡಿದ್ದ ಧಾರೆಸೀರೆಯನ್ನು ನನ್ನ ಮುಂದೆ ಇಟ್ಟರು.

"ಎಳೆ ಕಿತ್ತು ಸುಟ್ಟು ನೋಡ್ದೆ ಕಣಪ್ಪ. ಕೂದ್ಲು ಸುಟ್ಟ ವಾಸ್ನೆ ಬರ್ಲಿಲ್ಲ, ಪ್ಲಾಸ್ಟಿಕ್ ನಾತ ಒಡೀತು. ನೀನು ಮೋಸ ಮಾಡೋನಲ್ಲ. ಏನಾಗದೆ ನಿಂಗೆ?"

ಬೈದಿದ್ದರೆ ಜಗಳವಾಡಬಹುದಿತ್ತು. ಏನಾಗಿದೆಯೆಂದು ಕೇಳಿಬಿಟ್ಟರು. ಬೇರೆ ಗಿರಾಕಿಗಳೆದುರೇ ಮಣಿಕಟ್ಟಿನ ಗಾಯ ತೋರಿಸಿ, "ಈ ಬೆರಳಿಗೆ ಏನೂ ಗೊತ್ತಾಗ್ತಿಲ್ಲ ಅಮ್ಮ. ಸುಮ್ಮನೆ ನಾಟಕ ಮಾಡ್ತಿದ್ದೆ," ಎಂದೆ.

"ಅಯ್ಯೋ ಮಂಕೇ! ಅದ್ನ ಆವತ್ತೇ ಏಳಕ್ಕೇನಾಗಿತ್ತು?" ಎಂದು ಅವರು ತಲೆ ಚಚ್ಚಿಕೊಂಡರು.

ಸೀರೆ ಬದಲಿಸಿಕೊಟ್ಟೆ, ಆ ಏಜೆಂಟನ ಸೀರೆಗಳನ್ನು ನನ್ನಲ್ಲಿ ಕೊಂಡಿದ್ದವರನ್ನೆಲ್ಲ ಹುಡುಕಿ ಫೋನು ಮಾಡಿದೆ. ಮರುದಿನದಿಂದ ಸೀರೆ ಪರೀಕ್ಷಿಸಲು ವಿಜಯಾ ಬಂದಳು. ಅವಳು ಕಣ್ಣು ಮುಚ್ಚುವುದಿಲ್ಲ, ಉಸಿರು ಬಿಗಿಹಿಡಿಯುವುದಿಲ್ಲ. ಗಿರಾಕಿಯ ಜೊತೆ ಹುಳಿ, ಸಾರಿನ ಮಾತಾಡುತ್ತಲೇ ಮುಟ್ಟಿ, "ಇದು ಬೇಡ, ಬೆರಕೆ" ಎಂದು ಪಕ್ಕಕ್ಕಿಡುತ್ತಾಳೆ. ಒಂದೂ ತಪ್ಪಲಿಲ್ಲ. ನಾನು ಸೀರೆ ಮಡಿಸುವ ಇಲಾಖೆಗೆ ವರ್ಗವಾದೆ. ಪವಿತ್ರ ತೋರಿಸಿದ ಆ ಪುಟ್ಟ ಹಸ್ತ ನೆನಪಾಗುತ್ತಿತ್ತು: ಹಿಂದಿನದನ್ನು ಕಳಚದೆ ಅದಕ್ಕೆ ಮುಂದಿನ ಹೆಜ್ಜೆಯಿಲ್ಲ. ನನ್ನನ್ನು ಕಳಚಲು ಮಾತ್ರ ಪುಟ್ಟತಾಯಮ್ಮನೇ ಬರಬೇಕಾಯಿತು.

ಏಳನೆಯ ತಿಂಗಳ ಹೊತ್ತಿಗೆ ಬೆರಳತುದಿಗೆ ಸ್ಪರ್ಶ ಬಂತು, ಆದರೆ ಅಡ್ಡಾದಿಡ್ಡಿಯಾಗಿ. ತೋರುಬೆರಳು ಮುಟ್ಟಿದರೆ ನಡುಬೆರಳು ಓಗೊಡುತ್ತಿತ್ತು. ಕೆಲವು ಎಳೆಗಳು ದಾರಿ ತಪ್ಪಿ ಪಕ್ಕದ ಮನೆ ಹೊಕ್ಕಿವೆ, ಇನ್ನು ಮಿದುಳು ಹೊಸ ವಿಳಾಸ ಕಲಿಯಬೇಕು ಎಂದಳು ಪವಿತ್ರ. ದಿನವೂ ಮಧ್ಯಾಹ್ನ ಊಟದ ಮೇಲೆ ನಾನು ಕಣ್ಣು ಮುಚ್ಚುವುದು, ವಿಜಯಾ ಏನಾದರೊಂದನ್ನು ಬೆರಳಿಗೆ ಕೊಡುವುದು, ನಾನು ಹೆಸರು ಹೇಳುವುದು. ಹುಣಸೆಬೀಜವನ್ನು ಗುಂಡಿಯೆಂದೆ. ಅರಳೆಯನ್ನು ಇಡ್ಲಿಯೆಂದೆ.

ಒಂದು ದಿನ ಅವಳು ಇಟ್ಟದ್ದನ್ನು ಬಹಳ ಹೊತ್ತು ಸವರಿದೆ. ಬೆಚ್ಚಗಿತ್ತು, ಅಲ್ಲಲ್ಲಿ ಒರಟು, ನಡುವೆ ಒಂದು ಸುಟ್ಟ ಕಲೆಯ ನುಣುಪು. ಅಂಗಡಿಯಲ್ಲಿ ಯಾವತ್ತೂ ಮುಟ್ಟಿರದ ನೇಯ್ಗೆ.

"ಇದ್ಯಾವ ಬಟ್ಟೆಯೋ ಗೊತ್ತಾಗ್ತಿಲ್ಲ," ಎಂದೆ. "ಹೊಸ ಮಾಲಾ?"

"ಹೊಸ್ದೇನಲ್ಲ ಕಣ್ರೀ," ಎಂದಳು ವಿಜಯಾ. "ನನ್ನ ಅಂಗೈ."