ಗೋಡೆಯ ಹತ್ತು ನಿಮಿಷ

ಶಿಡ್ಲಘಟ್ಟದ ನಮ್ಮ ಆಫೀಸಿನ ಹೆಡ್ ಕ್ಲರ್ಕ್ ಮೇಡಂ ಬೆಳಗ್ಗೆ ಬಂದೊಡನೆ ಗೋಡೆ ಗಡಿಯಾರದ ಗಾಜನ್ನು ಸೆರಗಿನ ತುದಿಯಿಂದ ಒರೆಸುತ್ತಿದ್ದರು. ಅದನ್ನು ಹತ್ತು ನಿಮಿಷ ಮುಂದಿಟ್ಟವರೂ ಅವರೇ. ಹೊಸದಾಗಿ ಸೇರಿದ ನಾನು ಯಾಕೆಂದು ಕೇಳಿದಾಗ, "ಆ ಹತ್ತು ನಿಮಿಷ ನಮ್ದು ಕಣಮ್ಮ. ಬೆಳಗ್ಗೆ ಮುಂಚೆ ಬರ್ತೀವಿ, ಸಾಯಂಕಾಲ ಮುಂಚೆ ಹೋಗ್ತೀವಿ" ಎಂದರು. ಆಫೀಸು ಬಿಡುವ ಹೊತ್ತಿಗೇ ದಿಬ್ಬೂರಹಳ್ಳಿ ಬಸ್ಸೂ ಹೊರಡುತ್ತಿತ್ತು; ನಮ್ಮಲ್ಲಿ ಅರ್ಧ ಜನ ಅದನ್ನೇ ನಂಬಿದವರು.

ತೊಂಬತ್ತರ ದಶಕದಲ್ಲಿ ಕಂಪ್ಯೂಟರ್‌ಗಳು ಬಂದವು. ಎಲ್ಲವನ್ನೂ ತಂತಿ ಎಳೆದು ಮೂಲೆಯ ದೊಡ್ಡ ಕಂಪ್ಯೂಟರಿಗೆ ಜೋಡಿಸಿದ್ದರು. ಅದರ ಟೈಮೇ ಎಲ್ಲಕ್ಕೂ ಟೈಮು. ರಸೀದಿಗಳಲ್ಲಿ ಟೈಮು ಮುಂದಿದೆಯೆಂದು ಕೋಲಾರದ ಆಫೀಸಿನಿಂದ ತಕರಾರು ಬಂತು. ಅಲ್ಲಿಂದ ಬಂದ ಚಿಕ್ಕ ವಯಸ್ಸಿನ ಇಂಜಿನಿಯರ್ ಸರಿಮಾಡಿ ಹೋದರು. ಮರುದಿನ ಮತ್ತೆ ಹತ್ತು ನಿಮಿಷ ಮುಂದೆ. ಇನ್ನೊಮ್ಮೆ ಬಂದು ಕಂಪ್ಯೂಟರಿನೊಳಗೆ ಟೈಮು ಕಾಯುವ ಬ್ಯಾಟರಿ ಬದಲಿಸಿದರು. ಆಫೀಸು ಬಿಡುವ ಹೊತ್ತಿಗೇ ಹೊರಡುವ ಕೋಲಾರದ ಬಸ್ಸು ಅವರಿಗೆ ತಪ್ಪಿತು, ಟೈಮು ಮಾತ್ರ ಮತ್ತೆ ಮುಂದೆ. ಮೂರನೆಯ ಸಲ ಮುಂಜಾನೆಯೇ ಬಂದು, ತಿದ್ದಿ, ಕಾದು ಕೂತರು.

ಮೇಡಂ ಬಂದರು. ಗಡಿಯಾರದ ಗಾಜು ಒರೆಸಿದರು, ಕಂಪ್ಯೂಟರಿನ ಗಾಜೂ ಒರೆಸಿದರು, ಗೋಡೆ ಗಡಿಯಾರ ನೋಡಿಕೊಂಡು ಕಂಪ್ಯೂಟರಿನ ಟೈಮು ಬದಲಾಯಿಸಿದರು.

"ಅಯ್ಯೋ, ನೀವೇನಾ ಮೇಡಂ ಮಾಡ್ತಿದ್ದಿದ್ದು?"

"ಇನ್ನೇನಪ್ಪ ಮಾಡೋದು, ನೀನು ಬಂದು ಹೋದಾಗೆಲ್ಲ ಇದು ಹಿಂದೆ ಬೀಳ್ತದೆ" ಎಂದರು ಮೇಡಂ.

ಇಂಜಿನಿಯರ್ ನಗುತ್ತ ಕೂತುಬಿಟ್ಟರು. ಕೊನೆಗೆ ಒಪ್ಪಂದವಾಯಿತು: ಕಂಪ್ಯೂಟರ್‌ಗಳಿಗೆ ಕೋಲಾರದ ಟೈಮು, ನಮಗೆ ಗೋಡೆಯದು. ಸಂಜೆ ಗೋಡೆ ಗಡಿಯಾರ ನೋಡಿ ನಾವು ಬ್ಯಾಗು ಎತ್ತಿಕೊಂಡಾಗ, ಇಂಜಿನಿಯರ್ ಕಂಪ್ಯೂಟರಿನ ಕಡೆ ತಿರುಗಿಯೂ ನೋಡದೆ ನಮ್ಮ ಜೊತೆಗೇ ಎದ್ದರು.

ಅವತ್ತು ಅವರಿಗೆ ಬಸ್ಸು ಸಿಕ್ಕಿತು.