ಹಣೆಯೆತ್ತರದ ಚಿಲಕ

1963ರ ಜೂನ್ ತಿಂಗಳಲ್ಲಿ ನಾನು ಗ್ರಾಮಸೇವಿಕೆಯಾಗಿ ತಿಕೋಟಾಕ್ಕೆ ಬಂದೆ. ಆಗ ನನಗೆ ಇಪ್ಪತ್ಮೂರು ವರ್ಷ. ಗ್ರಾಮಸೇವಿಕೆ ಎಂದರೆ ಹಳ್ಳಿಯ ಹೆಂಗಸರು, ಮಕ್ಕಳು ಎಂಬ ಹೆಸರಿನಲ್ಲಿ ಸರಕಾರ ಯಾವ ಕೆಲಸ ಹೇಳಿದರೂ ಓಡುವವಳು. ಹೊಗೆಯಿಲ್ಲದ ಒಲೆ ಹಾಕಿಸುವುದು, ಬಾಣಂತಿಯರ ಪಟ್ಟಿ ಮಾಡುವುದು, ಹೊಲಿಗೆ ಕಲಿಸುವುದು, ಇವುಗಳ ಜೊತೆಗೆ ಮೂರು ಬಾಲವಾಡಿಗಳನ್ನು ನೋಡಿಕೊಳ್ಳುವುದು. ಇನ್ನೂ ಒಂದನೇ ಇಯತ್ತೆಗೆ ಸೇರದ ಸಣ್ಣ ಮಕ್ಕಳು ಬೆಳಿಗ್ಗೆ ಬಂದು ಹಾಡಿ, ಆಡಿ, ಹಾಲಿನ ಪುಡಿಯ ಹಾಲು ಕುಡಿದು ಹೋಗುವ ಜಾಗವೇ ಬಾಲವಾಡಿ. ತಿಕೋಟಾ, ಕಳ್ಳಕವಟಗಿ, ಬಬಲೇಶ್ವರ ಮೂರೂ ಸೇರಿ ನನ್ನ ಹಾಜರಿ ಪುಸ್ತಕದಲ್ಲಿ ಅರವತ್ತೊಂದು ಹೆಸರುಗಳಿದ್ದವು.

ಇದಲ್ಲದೆ ದಿನಚರಿ ಬರೆಯಬೇಕಿತ್ತು. ಯಾವ ಹೊತ್ತಿನಲ್ಲಿ ಎಲ್ಲಿದ್ದೆ, ಏನು ಮಾಡಿದೆ ಎಂದು ದಿನವೂ ಬರೆದು ತಿಂಗಳ ಕೊನೆಗೆ ವಿಸ್ತರಣಾಧಿಕಾರಿಗಳ ಮುಂದೆ ಇಡಬೇಕು. ಅವರು ಕೆಂಪು ಶಾಯಿಯಲ್ಲಿ ಅಭಿಪ್ರಾಯ ಬರೆದು ಮರಳಿಸುತ್ತಿದ್ದರು. ಆ ದಿನಚರಿಗಳು ಇಂದಿಗೂ ನನ್ನ ಟ್ರಂಕಿನಲ್ಲಿವೆ. ಅವು ಇರುವುದರಿಂದಲೇ ಇಷ್ಟು ವರ್ಷಗಳ ಮೇಲೂ ಈ ಪ್ರಸಂಗವನ್ನು ದಿನ ತಪ್ಪದೆ ಹೇಳಬಲ್ಲೆ.

ಸಪ್ಟೆಂಬರಿನಲ್ಲಿ ಬಿಜಾಪುರದ ಒಂದು ಮಹಿಳಾ ಮಂಡಳದಿಂದ ಕರೆ ಬಂತು. ಬಿಜಾಪುರಕ್ಕೆ ಆಗ ಆ ಹೆಸರೇ ಇತ್ತು. ಮಕ್ಕಳ ದಿನಾಚರಣೆಗೆ ನಮ್ಮ ಬಾಲವಾಡಿಯ ಮಕ್ಕಳಿಗೆ ಉಡುಗೊರೆ ಕೊಡುವುದಾಗಿ ಅವರು ನಿಶ್ಚಯಿಸಿದ್ದರು. ಮಂಡಳದ ಕಾರ್ಯದರ್ಶಿ ಬಾಯಿಯವರ ಮನೆ ಸ್ಟೇಷನ್ ರಸ್ತೆಯ ಹಿಂದೆ. ಚಹಾ ಕೊಟ್ಟು, ಅಚ್ಚು ಹಾಕಿಸಿದ ಫಾರ್ಮುಗಳ ಕಟ್ಟನ್ನು ನನ್ನ ಮಡಿಲಿಗೆ ಇಟ್ಟರು. ಕ್ರಮಸಂಖ್ಯೆ, ಹೆಸರು, ವಯಸ್ಸು, ಬೇಕಾದ ವಸ್ತು, ಅಳತೆ: ಐದು ಅಂಕಣಗಳು.

“ಎಲ್ಲಾರಿಗೂ ಒಂದ ನಮೂನಿ ಕೊಡೂದ ಬ್ಯಾಡ ಅಂತ ನಮ್ಮ ವಿಚಾರ. ಕೂಸು ಏನ ಕೇಳ್ತದ ಅದನ್ನ ಕೊಡೋಣು. ನೀವು ಬರ್ಕೊಂಡು ಬರ್ರಿ ಸಾಕು,” ಎಂದರು.

ಬಹಳ ಒಳ್ಳೆಯ ವಿಚಾರ ಎಂದು ನನಗೂ ಅನಿಸಿತು. ಬಸ್ಸಿನಲ್ಲಿ ಕುಳಿತು ಖುಷಿಯಲ್ಲೇ ಮರಳಿದೆ. ಆ ಖುಷಿ ನಾಲ್ಕು ದಿನ ಬಾಳಿತು.

ಮೊದಲು ಕಳ್ಳಕವಟಗಿಗೆ ಹೋದೆ. ಕುರಿ ಕಾಯುವವರ ಮನೆಯ ಮಲ್ಲು, ನಾಲ್ಕು ವರ್ಷದವನು, ಎಲ್ಲರಿಗಿಂತ ಮುಂದೆ ಬಂದು ಕುಳಿತ.

“ನನಗ ಕಂಡಕ್ಟರ್ ಬೇಕ್ರಿ.”

“ಕಂಡಕ್ಟರನ ಸೀಟಿ ಬೇಕೇನೋ?”

“ಸೀಟಿ ಅವನ ಕಡೇನ ಐತಲ್ರಿ. ಅವ ಬಂದ್ರ ಅದೂ ಬರ್ತೈತಿ.”

ಅಳತೆ ಎಷ್ಟು ಎಂದು ಕೇಳಲೇಬೇಕಲ್ಲ, ಕೇಳಿದೆ. “ಅವ ಎಷ್ಟ ಅದಾನೋ ಅಷ್ಟ,” ಎಂದ. ಹಾಗೇ ಬರೆದುಕೊಂಡೆ.

ತಿಕೋಟಾದ ಕಾಶಿಗೆ ಐದು ತುಂಬಿತ್ತು. ಬಾಲವಾಡಿಗೆ ಬರುವ ಮೊದಲು ಕೊಟ್ಟಿಗೆ ಬಳಿದು ಬರುವ ಹುಡುಗಿ. “ಸಗಣಿ ಹಾಕದ ಎಮ್ಮಿ,” ಎಂದಳು.

“ಅಂಥಾ ಎಮ್ಮಿ ಎಲ್ಲೂ ಇರೂದಿಲ್ಲವಾ.”

“ಅದಕ್ಕ ನಿಮಗ ಕೇಳಾಕತ್ತೇನ್ರಿ. ಇದ್ದಿದ್ರ ನಮ್ಮಪ್ಪನ ತರ್ತಿದ್ದ.”

ಅವಳ ಹಿಂದೆ ಕುಳಿತಿದ್ದ ಒಬ್ಬ ತನಗೆ ಏಳು ವರ್ಷ ಬೇಕು ಎಂದ. ಅವನ ಅಣ್ಣನಿಗೆ ಆರು. ಏಳು ಬಂದರೆ ತಾನೇ ಅಣ್ಣನಾಗಿ ಅವನ ತಲೆಗೆ ಎರಡು ಕೊಡಬಹುದು ಎಂಬ ಲೆಕ್ಕ.

ಬಬಲೇಶ್ವರಕ್ಕೆ ತಿಕೋಟಾದಿಂದ ನೇರ ಬಸ್ಸಿರಲಿಲ್ಲ. ಬಿಜಾಪುರಕ್ಕೆ ಹೋಗಿ, ನಿಲ್ದಾಣದಲ್ಲಿ ಕಾದು, ಇನ್ನೊಂದು ಬಸ್ಸು ಹಿಡಿಯಬೇಕು. ಅಲ್ಲಿ ತಲುಪುವಾಗಲೇ ನನ್ನ ತಾಳ್ಮೆ ಅರ್ಧ ಮುಗಿದಿತ್ತು. ಶಾಂತಾ ಎಂಬ ಐದು ವರ್ಷದ ಹುಡುಗಿ ಅಂದು ಬಂದಿದ್ದಳು. ಅವಳು ವಾರದಲ್ಲಿ ಎರಡು ದಿನ ಬಂದರೆ ಹೆಚ್ಚು. ತಂದೆ ಇಲ್ಲ. ತಾಯಿ ರುಕ್ಮವ್ವ ಕೂಲಿಗೆ ಹೋಗುವವಳು. ಕೆಲವು ವರ್ಷಗಳ ಹಿಂದೆ ಬೌದ್ಧ ಧರ್ಮಕ್ಕೆ ಸೇರಿದ ಕುಟುಂಬ, ಊರ ಹೊರಗಿನ ಓಣಿಯಲ್ಲಿ ಮನೆ.

“ನಿನಗ ಏನ ಬೇಕವಾ?”

“ಚಿಲಕಾ.”

“ಚಿಲಕಾ? ಬಾಗಲದ್ದ? ಎಷ್ಟ ದೊಡ್ಡದು?”

ಅವಳು ತನ್ನ ಅಂಗೈಯನ್ನು ಹಣೆಗೆ ಅಡ್ಡ ಹಿಡಿದು, “ಇಲ್ಲಿಗೆ,” ಎಂದಳು. ಅಳತೆಯ ಅಂಕಣದಲ್ಲಿ ‘ಹಣೆಯೆತ್ತರ’ ಎಂದು ಬರೆದೆ. ಅವಳ ಹಿಂದೆ ಇನ್ನೂ ಹನ್ನೊಂದು ಮಕ್ಕಳು ಕಾಯುತ್ತಿದ್ದರು, ನನ್ನ ಮರಳುವ ಬಸ್ಸಿನ ಹೊತ್ತೂ ಆಗುತ್ತಿತ್ತು. “ಮುಂದಿನವರು ಬರ್ರಿ,” ಎಂದೆ.

ತುಂಬಿ ಕಳಿಸಿದ ಪಟ್ಟಿ ಎಂಟು ದಿನಗಳ ಮೇಲೆ ಮಂಡಳದಿಂದ ಮರಳಿ ಬಂತು. ಕಂಡಕ್ಟರ್, ಎಮ್ಮೆ, ಏಳು ವರ್ಷ, ಹಣೆಯೆತ್ತರ ಎಲ್ಲದರ ಸುತ್ತ ಪೆನ್ಸಿಲ್ಲಿನ ಸುತ್ತುಗಳು. ಜೊತೆಗೊಂದು ಚೀಟಿ: ‘ಇದು ವಿನೋದದ ವಿಷಯವಲ್ಲ. ದಯವಿಟ್ಟು ವಸ್ತುಗಳನ್ನು ಮಾತ್ರ ಬರೆಯಿರಿ.’

ನಾನೇ ಕುಳಿತು ವಿನೋದ ಮಾಡಿದ್ದೇನೆ ಎಂದು ಅವರು ತಿಳಿದಿದ್ದರು. ಆ ಬಿಸಿಲಲ್ಲಿ ಮತ್ತೆ ಹೊರಟೆ. ಎರಡನೆಯ ಸಲ ಕೇಳಿದರೆ ಮಕ್ಕಳು ದಾರಿಗೆ ಬರುತ್ತಾರೆ ಎಂದು ನಾನು ಎಣಿಸಿದ್ದು ನನ್ನ ಮೂರ್ಖತನ. ಮಲ್ಲು, “ಹಂಗಾರ ಡ್ರೈವರೂ ಬೇಕ್ರಿ. ಕಂಡಕ್ಟರ್ ಒಬ್ಬನ ಏನ ಮಾಡ್ತಾನ?” ಎಂದ. ಕಾಶಿ ನನಗೇ ಸಮಾಧಾನ ಹೇಳಿದಳು: “ಎಮ್ಮಿ ಸಿಗಲಿಲ್ಲೇನ್ರಿ? ತಡಾ ಆದ್ರೂ ಅಡ್ಡಿಯಿಲ್ಲ ಬಿಡ್ರಿ.” ಶಾಂತಾ ಅಂದು ಬಂದಿರಲಿಲ್ಲ. ಅವಳ ಸಾಲಿನಲ್ಲಿ ಮೊದಲಿನದನ್ನೇ ಬರೆದೆ.

ಆ ಪಟ್ಟಿಯೂ ಮರಳಿತು. ಈ ಸಲ ಅವರು ಒಂಬತ್ತು ವಸ್ತುಗಳ ಯಾದಿಯನ್ನು ಕಳಿಸಿದ್ದರು: ಗೊಂಬೆ, ಚೆಂಡು, ಬರೆಯುವ ಪಾಟಿ, ಬುಗುರಿ, ಗಿಲಕಿ, ತುತ್ತೂರಿ, ರಬ್ಬರಿನ ಪ್ರಾಣಿ, ತಗಡಿನ ಮೋಟಾರು, ತಗಡಿನ ಮನೆ. ಪ್ರತಿ ಮಗುವಿನ ಬೇಡಿಕೆಗೂ ಇದರಲ್ಲಿ ಹತ್ತಿರವಾದದ್ದನ್ನು ಆರಿಸಬೇಕಂತೆ. ಮೊದಲೇ ಹೀಗೆಂದಿದ್ದರೆ ಏಳು ಸಲ ಬಸ್ಸು ಹತ್ತಿ ಇಳಿಯುವುದು ತಪ್ಪುತ್ತಿರಲಿಲ್ಲವೇ? ಒಂದು ಮಧ್ಯಾಹ್ನ ಪಂಚಾಯತಿ ಕಟ್ಟೆಯ ಮೇಲೆ ಕುಳಿತು ಸಿಟ್ಟಿನಲ್ಲೇ ತುಂಬಿದೆ. ಕಂಡಕ್ಟರಿಗೆ ತಗಡಿನ ಮೋಟಾರು. ಎಮ್ಮೆಗೆ ರಬ್ಬರಿನ ಪ್ರಾಣಿ. ಏಳು ವರ್ಷಕ್ಕೆ ಪಾಟಿ. ಚಿಲಕದ ಹತ್ತಿರ ಸ್ವಲ್ಪ ಹೊತ್ತು ತಡೆದೆ. ಚಿಲಕ ಇರುವುದು ಬಾಗಿಲಿಗೆ, ಬಾಗಿಲು ಇರುವುದು ಮನೆಗೆ ಎಂದು ತರ್ಕ ಮಾಡಿ ತಗಡಿನ ಮನೆ ಎಂದು ಬರೆದೆ. ಎಷ್ಟು ಚೆನ್ನಾಗಿ ಹೊಂದಿಸಿದೆ ಎಂದು ಹೆಮ್ಮೆಯೂ ಆಯಿತು. ಇದು ಮಂಡಳದವರ ತಪ್ಪಲ್ಲ, ನನ್ನದು.

ನವೆಂಬರ್ ಹದಿನಾಲ್ಕರಂದು ಮಕ್ಕಳನ್ನೆಲ್ಲ ಟ್ರಕ್ಕಿನಲ್ಲಿ ಬಿಜಾಪುರಕ್ಕೆ ಕರೆದೊಯ್ದೆವು. ಕೆಲವರ ಜೊತೆ ತಾಯಂದಿರೂ ಬಂದಿದ್ದರು. ಭಾಷಣಗಳು ಮುಗಿಯುವ ಹೊತ್ತಿಗೆ ಅರ್ಧ ಮಕ್ಕಳು ನಿದ್ದೆ ಹೋಗಿದ್ದವು. ಎಬ್ಬಿಸಿ, ಮುಖ ಒರೆಸಿ, ಸಾಲಿಗೆ ನಿಲ್ಲಿಸಿದೆ. ಮಲ್ಲು ತನ್ನ ಮೋಟಾರಿನ ಕಿಟಕಿಗೆ ಕಣ್ಣಿಟ್ಟು ನೋಡಿ, “ಒಳಗ ಯಾರೂ ಇಲ್ಲ,” ಎಂದು ಘೋಷಿಸಿದ. ಕಾಶಿ ರಬ್ಬರಿನ ಆನೆಯನ್ನು ತಿರುಗಿಸಿ ಹಿಂಭಾಗವನ್ನು ಗಂಭೀರವಾಗಿ ಪರೀಕ್ಷಿಸಿದಳು. “ಸಗಣಿ ಹಾಕೂದಿಲ್ಲ, ಖರೆ. ಹಾಲರ ಕೊಡತೈತೇನ್ರಿ?”

ಶಾಂತಾ ತಗಡಿನ ಮನೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲನ್ನು ಉಗುರಿನಿಂದ ಕೆರೆದಳು. ಅದು ಹಸಿರು ಬಣ್ಣದಲ್ಲಿ ಬರೆದ ಬಾಗಿಲು.

“ಎಷ್ಟ ಚಂದ ಮನಿ ಸಿಕ್ತು ನೋಡ ನಿನಗ!” ಎಂದರು ಕಾರ್ಯದರ್ಶಿ ಬಾಯಿಯವರು.

“ಮನಿ ಐತ್ರಿ ನಮಗ,” ಎಂದಳು ಶಾಂತಾ.

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ.

ಅದಾದ ಮೇಲೆ ಅವಳು ಬಾಲವಾಡಿಗೆ ಬರುವುದೇ ನಿಂತಿತು. ಎರಡು ವಾರ ಹಾಜರಿ ಪುಸ್ತಕದಲ್ಲಿ ಅವಳ ಮುಂದೆ ಬರೀ ಸೊನ್ನೆಗಳು. ನಮ್ಮ ನಿಯಮದಂತೆ ಒಂದು ತಿಂಗಳು ಸತತವಾಗಿ ಬಾರದಿದ್ದರೆ ಹೆಸರು ಹೊಡೆದುಹಾಕಬೇಕು. ಹೆಸರು ಹೋದರೆ ಹಾಲೂ ಹೋಯಿತು. ಜೂನ್ ತಿಂಗಳಲ್ಲಿ ನಮ್ಮ ಪಟ್ಟಿ ಹಿಡಿದೇ ಮಕ್ಕಳನ್ನು ಶಾಲೆಗೆ ಸೇರಿಸುತ್ತಿದ್ದೆವು. ಆ ಪಟ್ಟಿಯಿಂದ ಬಿದ್ದ ಹೆಣ್ಣುಮಗುವನ್ನು ಹುಡುಕಿ ತಂದು ಸೇರಿಸುವವರು ಯಾರೂ ಇರಲಿಲ್ಲ. ಡಿಸೆಂಬರ್ ಮೊದಲ ವಾರ ಅವಳ ಮನೆಗೆ ಹೋದೆ.

ಅವಳು ಹೊಸ್ತಿಲ ಮೇಲೆ ಕೋಲು ಹಿಡಿದು ಕುಳಿತಿದ್ದಳು. ಎದುರಿನ ಗೋಡೆಯ ನೆರಳಲ್ಲಿ ಒಂದು ಕರಿ ಆಡು ಅವಳನ್ನೇ ನೋಡುತ್ತ ನಿಂತಿತ್ತು.

“ಯಾಕವಾ, ಸಾಲಿಗಿ ಬರವಲ್ಲಿ?”

“ಆಡು ಬರ್ತೈತ್ರಿ.” ನನ್ನತ್ತ ತಿರುಗದೆಯೇ ಹೇಳಿದಳು. “ಅವ್ವ ಈಗ ದಿನಾ ಮುಂಜಾನೆನ ಹೊಲಕ್ಕ ಹೋಗ್ತಾಳ. ರೊಟ್ಟಿ ಒಳಗ ಅದಾವ.”

“ಬಾಗಲಾ ಹಾಕ್ಕೊಂಡು ಬಾ.”

ಅವಳು ಕೋಲಿನಿಂದ ಮೇಲೆ ತೋರಿಸಿದಳು. ಬಾಗಿಲ ಸರಪಳಿಯನ್ನು ಸಿಕ್ಕಿಸುವ ಕೊಂಡಿ ಮೇಲಿನ ಚೌಕಟ್ಟಿನಲ್ಲಿತ್ತು. ನನಗೇ ಕೈ ಚಾಚಬೇಕಾಗುವ ಎತ್ತರ. “ಡಬ್ಬಿ ಮ್ಯಾಲ ನಿಂತ ಹಾಕಾಕ ಹೋಗಿ ಬಿದ್ದೇನ್ರಿ,” ಎಂದು ಗದ್ದದ ಗಾಯದ ಗುರುತು ತೋರಿಸಿದಳು. “ಅದಕ್ಕ ಚಿಲಕಾ ಕೇಳಿದ್ನೆಲ್ರಿ.”

“ಯಾಕಂತ ನೀ ಹೇಳಲೇ ಇಲ್ಲಲ್ಲ?”

“ನೀವ ಕೇಳಲಿಲ್ಲಲ್ರಿ.”

ಮುಂದಿನ ಬಸ್ಸಿಗೆ ಬಿಜಾಪುರಕ್ಕೆ ಹೋಗಿ ಸೊಲ್ಲಾಪುರ ರಸ್ತೆಯ ಕಬ್ಬಿಣದ ಅಂಗಡಿಯಲ್ಲಿ ಒಂದು ಚಿಲಕ ಕೊಂಡೆ. ಇಷ್ಟಕ್ಕೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಮರುದಿನ ಬಬಲೇಶ್ವರದ ಬಡಿಗೇರ ಕಾಳಪ್ಪನ ಮುಂದೆ ಚಿಲಕ ಇಟ್ಟು ಮನೆ ಹೇಳಿದೆ. ಅವನು ಉಳಿ ಮಸೆಯುವುದನ್ನು ನಿಲ್ಲಿಸಲಿಲ್ಲ.

“ಅವರ ನಮ್ಮ ಆಯದಾಗ ಇಲ್ರಿ ಬಾಯಾರ.”

ಆಯ ಎಂದರೆ ಸುಗ್ಗಿಯಲ್ಲಿ ರೈತರು ಬಡಿಗೇರನಿಗೆ ಕೊಡುವ ಕಾಳು. ಕೊಟ್ಟ ಮನೆಗಳ ನೇಗಿಲು, ಬಾಗಿಲು, ತೊಟ್ಟಿಲು ಎಲ್ಲವನ್ನೂ ವರ್ಷವಿಡೀ ಅವನು ನೋಡಿಕೊಳ್ಳಬೇಕು. ಹೊಲವೇ ಇಲ್ಲದ ರುಕ್ಮವ್ವ ಯಾವ ಆಯ ಕೊಟ್ಟಾಳು? ಕೂಲಿ ನಾನು ಕೊಡುತ್ತೇನೆ ಎಂದೆ.

“ಕೂಲಿ ಮಾತಲ್ರಿ. ಆ ಓಣಿಗೆ ನಾ ಬರಂಗಿಲ್ಲ. ನಮ್ಮಪ್ಪನೂ ಹೋಗಿಲ್ಲ.”

ನಾನು ಅಸ್ಪೃಶ್ಯತೆಯ ವಿರುದ್ಧದ ಕಾಯದೆಯ ಮಾತು ತೆಗೆದೆ. “ಕಾಯದೇನ ಬಂದು ಉಳಿ ಹಿಡೀಲಿ ಹಂಗಾರ,” ಎಂದ. ಅರ್ಧ ತಾಸು ವಾದಿಸಿದೆ. ಗಂಟಲು ಒಣಗಿತೇ ಹೊರತು ಅವನು ಕುಳಿತ ಮಣೆಯಿಂದ ಏಳಲಿಲ್ಲ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಚಿಲಕ ಎತ್ತಿಕೊಂಡು ಶಾಂತಾಳ ಮನೆಗೆ ನಡೆದೆ.

ರುಕ್ಮವ್ವ ಅಂದು ಮನೆಯಲ್ಲಿದ್ದಳು. ನನ್ನ ಮಾತನ್ನೆಲ್ಲ ಕೇಳಿ, ಹೊಸದೇನೂ ಕೇಳದವಳಂತೆ ಸೆರಗು ಕಟ್ಟಿದಳು.

“ಅಂವ ಬರೂದಿಲ್ಲಂದ್ರ ಬಾಗಲಾನ ಹೋಗ್ತೈತಿ ಬಿಡ್ರಿ ಅಕ್ಕೋರ. ಅದಕ್ಯಾಕ ಅಳತೀರಿ?”

ಮಗಳನ್ನು ಬಾಗಿಲಿಗೆ ಆನಿಸಿ ನಿಲ್ಲಿಸಿ, ಹಣೆಯ ನೇರಕ್ಕೆ ಇದ್ದಿಲಿನಿಂದ ಗೆರೆ ಎಳೆದಳು. ಬಳಿಕ ಒಂಟಿ ಪಡಿಯ ಆ ಜಾಲಿ ಮರದ ಬಾಗಿಲನ್ನು ತಿರುಗುಣಿಯಿಂದ ಮೇಲೆತ್ತಿ ಕಳಚಿ, ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತುಕೊಂಡಳು. “ನಾ ಬರೂತನಾ ಇಬ್ಬರೂ ಮನಿ ಕಾಯ್ರಿ,” ಎಂದು ಹೊರಟೇಬಿಟ್ಟಳು.

ಹೀಗೆ ಬಾಗಿಲೇ ಇಲ್ಲದ ಮನೆಯ ಹೊಸ್ತಿಲಲ್ಲಿ ಶಾಂತಾ ಮತ್ತು ನಾನು ಎರಡು ತಾಸು ಕುಳಿತೆವು. ಆಡು ಬಂದು ಎದುರಿಗೆ ನಿಂತಿತು. “ಕಣ್ಣ ತಗೀಬ್ಯಾಡ್ರಿ ಅಕ್ಕೋರ. ಅದಕ್ಕ ಗೊತ್ತಾಗ್ತೈತಿ,” ಎಂದು ಶಾಂತಾ ಪಿಸುಗುಟ್ಟಿದಳು. ಅವಳು ನೀರು ಕುಡಿಯಲು ಒಳಗೆ ಹೋದಾಗ, ಹೊತ್ತು ಹಾಳಾಗುವುದು ಬೇಡವೆಂದು ನಾನು ದಿನಚರಿ ತೆಗೆದೆ. ಒಂದು ಸಾಲು ಬರೆದಿದ್ದೆನೋ ಇಲ್ಲವೋ, ಕರಿದೊಂದು ಮೈ ನನ್ನ ಭುಜ ಸವರಿ ಒಳಗೆ ನುಗ್ಗಿತು. ನಾವಿಬ್ಬರೂ ಕೂಗಿ ಹೊಡೆದು ಹೊರಗೆ ಹಾಕುವಷ್ಟರಲ್ಲಿ ಒಂದು ರೊಟ್ಟಿ ಅದರ ಬಾಯಲ್ಲಿತ್ತು.

“ಬರೀರಿ ಮತ್ತ! ಇನ್ನೊಂದೀಟ ಬರೀರಿ!” ಎಂದಳು ಶಾಂತಾ ಸೊಂಟದ ಮೇಲೆ ಕೈಯಿಟ್ಟು.

ಬಾಗಿಲು ಮರಳಿ ಬಂತು. ರುಕ್ಮವ್ವ ಅದನ್ನು ಮೊದಲಿನ ಜಾಗಕ್ಕೆ ಕೂಡಿಸಿ, ಚಿಲಕದ ಕೊಂಡಿಯನ್ನು ಚೌಕಟ್ಟಿಗೆ ತಾನೇ ಕಲ್ಲಿನಿಂದ ಬಡಿದಳು. ಇದ್ದಿಲ ಗೆರೆಯ ಮೇಲೆಯೇ ಚಿಲಕ ಕುಳಿತಿತ್ತು. ಅದರ ಕೆಳಗೆ ನಾನು ಕೊಂಡಿರದ ಒಂದು ಮರದ ಗೂಟ, ದಾರಕ್ಕೆ ಕಟ್ಟಿ ನೇತುಬಿಟ್ಟದ್ದು. “ಕಾಳಪ್ಪ ಹಾಕಿ ಕೊಟ್ಟಾನ್ರಿ. ಬರೇ ಚಿಲಕಾ ಇದ್ರ ಆಡು ಮೂತೀಲೆ ಎತ್ತತೈತಿ, ಗೂಟಾ ಸಿಗಸಬೇಕು ಅಂದ,” ಎಂದಳು ರುಕ್ಮವ್ವ. ಕೂಲಿಯನ್ನೂ ಅವನು ಮುಟ್ಟಲಿಲ್ಲವಂತೆ. ನನ್ನ ಸಿಟ್ಟಿಗೆ ಇದರಿಂದ ಇನ್ನಷ್ಟು ಕಷ್ಟವಾಯಿತು. ಆಡಿನ ಬುದ್ಧಿಯನ್ನು ಇಷ್ಟು ಬಲ್ಲವನು ಆ ಓಣಿಗೆ ನಾಲ್ಕು ಹೆಜ್ಜೆ ಬರಲಾರದೆ ಹೋದನಲ್ಲ ಎಂಬುದು ನನಗೆ ಇಂದಿಗೂ ಅರಗಿಲ್ಲ.

ಸೋಮವಾರ ಶಾಂತಾ ಬಾಲವಾಡಿಗೆ ಬಂದಳು. ಹಾಜರಿ ಕೂಗಿದಾಗ ಎಲ್ಲರಂತೆ ‘ಹಾಜರ’ ಎನ್ನದೆ, “ಹಾಕಿ ಬಂದೇನ್ರಿ,” ಎಂದಳು. ಅಂದಿನಿಂದ ದಿನವೂ ಅದೇ ಉತ್ತರ. ಜೂನ್ ತಿಂಗಳ ಪಟ್ಟಿಯಲ್ಲಿ ಅವಳ ಹೆಸರು ಇತ್ತು, ಒಂದನೇ ಇಯತ್ತೆಗೆ ಕೈ ಹಿಡಿದು ಬಿಟ್ಟು ಬಂದವಳು ನಾನೇ. ತಗಡಿನ ಮನೆಯನ್ನು ರುಕ್ಮವ್ವ ಮೆಣಸಿನ ಬೀಜ ಹಾಕಿಡಲು ಉಪಯೋಗಿಸುತ್ತಿದ್ದಳು.

ಆಮೇಲೆ ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಫಾರ್ಮುಗಳು ಬಂದವು. ಒಲೆಗೆ, ಬಾವಿಗೆ, ಹೊಲಿಗೆ ಯಂತ್ರಕ್ಕೆ. ಬೇಡಿಕೆಯ ಕಾರಣ ಬರೆಯುವ ಅಂಕಣ ಯಾವುದರಲ್ಲೂ ಇರಲಿಲ್ಲವಾದ್ದರಿಂದ, ಪ್ರತಿಯೊಂದರ ಬಲ ಅಂಚಿಗೆ ಪೆನ್ಸಿಲ್ಲಿನಿಂದ ನಾನೇ ಒಂದು ಗೆರೆ ಎಳೆದು ‘ಯಾಕೆ’ ಎಂದು ಬರೆದುಕೊಳ್ಳುತ್ತಿದ್ದೆ. ಕಚೇರಿಯವರು ಅಂಚು ಕೆಡಿಸಿದ್ದಕ್ಕೆ ಬೈದರು. ನಾನು ಬಿಡಲಿಲ್ಲ.

ಆ ಡಿಸೆಂಬರಿನ ದಿನಚರಿ ವಿಸ್ತರಣಾಧಿಕಾರಿಗಳ ಬಳಿಗೆ ಹೋಗಿ ಮರಳಿತು. ‘ಬಬಲೇಶ್ವರ. ಬೆಳಿಗ್ಗೆ ಹತ್ತರಿಂದ ಹನ್ನೆರಡು: ಬಾಗಿಲಿಲ್ಲದ ಮನೆಯನ್ನು ಕಾದೆ’ ಎಂಬ ನನ್ನ ಸಾಲಿನ ಪಕ್ಕದಲ್ಲಿ ಅವರು ಕೆಂಪು ಶಾಯಿಯಲ್ಲಿ ಒಂದೇ ಮಾತು ಬರೆದಿದ್ದರು: ‘ಯಾಕೆ?’

ಅದರ ಕೆಳಗೆ ನನ್ನ ಉತ್ತರ ಇನ್ನೂ ಇದೆ: ‘ಸಪ್ಟೆಂಬರಿನಲ್ಲಿ ನಾನು ಇದೇ ಪ್ರಶ್ನೆಯನ್ನು ಕೇಳಿರಲಿಲ್ಲ, ಅದಕ್ಕೆ.’